ಬಗ್ಗಬೇಕಾದವರು ಮೇಲೆ ಕೂತವರು

ಮನೆಯಲ್ಲೂ ಸಭೆಯಲ್ಲೂ ಗಂಡಸಿನದೇ ಕೊನೆಯ ಮಾತಾಗಬೇಕು, ಅದೇ ಅವನ ಕ್ರೈಸ್ತ ಸೇವೆ ಎನ್ನುತ್ತದೆ ಕಳೆದ ಸಂಚಿಕೆಯ ಲೇಖನ. ಆಧಾರ, ಹೆಂಡತಿಯರು ಗಂಡಂದಿರಿಗೆ ತಗ್ಗಿ ನಡೆಯಬೇಕೆನ್ನುವ, ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 22ನೇ ವಚನ. ಒಬ್ಬರಿಗೊಬ್ಬರು ತಗ್ಗಿ ನಡೆಯಿರೆನ್ನುವ 21ನೇ ವಚನವನ್ನು ಲೇಖಕರು ಜಾಣತನದಿಂದ ದಾಟಿದ್ದಾರೆ. 25ನೇ ವಚನ ಗಂಡನಿಗೆ ಕೊಡುವುದು ಅಧಿಕಾರವನ್ನಲ್ಲ, ಹೆಂಡತಿಗಾಗಿ ಪ್ರಾಣವನ್ನೇ ಕೊಡುವ ಹೊಣೆಯನ್ನು.

ಸೇವೆ ಎಂಬ ಮಾತಿಗೆ ಇಲ್ಲಿ ಬೇರೆಯೇ ನೆನಪಿದೆ: ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಬಹುಪಾಲು ದಲಿತ ಮೂಲದವರು. ಬಿಟ್ಟಿ ಚಾಕರಿಯ ಭಾರ ಅವರ ಹಿರಿಯರಿಗೆ ಗೊತ್ತಿತ್ತು. ಒಲ್ಲೆ ಎನ್ನುವ ಹಕ್ಕಿಲ್ಲದವರ ದುಡಿಮೆಯನ್ನು ಸೇವೆಯೆಂದು ಹೊಗಳುವುದು ಸುಲಭ. ಆದರೆ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಕಾಲು ತೊಳೆದದ್ದು ಶಿಷ್ಯರಲ್ಲ, ಗುರುವಾದ ಯೇಸು.

ಹೀಗೆ ಬಗ್ಗಿ ಸೇವೆ ಮಾಡಿದ ಮುಂದಾಳಿನ ಉದಾಹರಣೆಗೆ ದೂರ ಹೋಗಬೇಕಿಲ್ಲ. ಭಾಲ್ಕಿ ಮಠದ ಸ್ವಾಮೀಜಿಯಾಗಿದ್ದ ಚನ್ನಬಸವ ಪಟ್ಟದ್ದೇವರು ಕ್ರೈಸ್ತರಾಗಿರಲಿಲ್ಲ. ಆದರೂ ಪೀಠದ ಗೌರವ ಸಾಕೆಂದು ಕೂರದೆ, ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಮುಂದಾಳುತನಕ್ಕೆ ಗಂಡಸುತನದ ಅಬ್ಬರ ಬೇಕಾಗಲಿಲ್ಲ.

ಲೇಖಕರ ಆದರ್ಶ ನಾಯಕನಿಗೆ ಎರಡೇ ಪ್ರಶ್ನೆ. ಬೀದರ್‌ನಲ್ಲಾಗಲಿ ಔರಾದ್‌ನಲ್ಲಾಗಲಿ ಸಭೆಯ ಲೆಕ್ಕಪತ್ರವನ್ನು ಹೆಂಗಸರ ಮುಂದಿಟ್ಟು ಉತ್ತರ ಕೊಡುತ್ತಾನೆಯೇ? ಹೆಂಡತಿ ಬೇಡವೆಂದರೆ ತನ್ನ ತೀರ್ಮಾನ ಬದಲಿಸುತ್ತಾನೆಯೇ? ಇಲ್ಲವೆಂದಾದರೆ ಅವನು ನಡೆಸುತ್ತಿರುವುದು ಹಳೆಯ ಯಜಮಾನಿಕೆ; ಅದಕ್ಕೆ ಕ್ರಿಸ್ತನ ಸಾಕ್ಷಿ ಹಾಕಿಸುವುದು ಬೇಡ.