ಯಕೃತ್ತಿನ ಕಲೆ, ರಕ್ತದ ಲೆಕ್ಕ

ಹೊಟ್ಟೆನೋವಿಗೆಂದೋ ಬಹುದಿನದ ಜ್ವರಕ್ಕೆಂದೋ ಮಾಡಿಸಿದ ಸ್ಕ್ಯಾನಿನಲ್ಲಿ ಯಕೃತ್ತಿನೊಳಗೆ ಹಲವು ಸಣ್ಣ ಕಲೆಗಳು ಕಂಡುಬಂದವೆಂದರೆ, ಮನೆಮಂದಿಯೆಲ್ಲ ಮೊದಲು ನೆನೆಯುವುದು ಕ್ಯಾನ್ಸರನ್ನು. ಆ ಭಯ ನಿರಾಧಾರವೇನಲ್ಲ. ಬೇರೆ ಅಂಗಗಳ ಅರ್ಬುದವು ಹರಡುವ ತಾಣಗಳಲ್ಲಿ ಯಕೃತ್ತು ಪ್ರಮುಖವಾದುದು. ಆದರೆ ಅಂಥವೇ ಕಲೆಗಳನ್ನು ಮೂಡಿಸುವ, ಬಹುಮಟ್ಟಿಗೆ ಗುಣವಾಗಬಲ್ಲ ಮತ್ತೊಂದು ಕಾರಣವೂ ಉಂಟು. ಅದನ್ನು ಓದುಗರು ಅರಿತಿರಬೇಕೆಂಬುದು ನಮ್ಮ ಆಶಯ.

ಬಿಳಿರಕ್ತಕಣಗಳಲ್ಲಿ ಇಯೋಸಿನೋಫಿಲ್ ಎಂಬುದೊಂದು ಬಗೆ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಈ ಕಣಗಳನ್ನು 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ವಿವರಿಸಿದರು. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಇವುಗಳ ಸಂಖ್ಯೆ ಸಾಮಾನ್ಯವಾಗಿ 500ರೊಳಗೆ ಇರುತ್ತದೆ. ಜಂತುಬಾಧೆ, ಅಲರ್ಜಿ, ಕೆಲವು ಔಷಧಗಳ ಪ್ರತಿಕ್ರಿಯೆ, ಅಪರೂಪಕ್ಕೆ ರಕ್ತದ ವ್ಯಾಧಿಗಳಲ್ಲಿ ಇವು ಹೆಚ್ಚುತ್ತವೆ. ಸಂಖ್ಯೆ 1,500 ದಾಟಿ ಹಾಗೆಯೇ ಉಳಿದರೆ ಅಂಗಾಂಗಗಳಿಗೆ ಹಾನಿ ತಟ್ಟುವ ಸಂಭವವಿದೆ. ಯಕೃತ್ತಿನಲ್ಲಿ ಈ ಕಣಗಳು ಗುಂಪುಗೂಡಿದ ಜಾಗವೇ ಸ್ಕ್ಯಾನಿನಲ್ಲಿ ಕಲೆಯಾಗಿ ತೋರುತ್ತದೆ.

ಅಲ್ಟ್ರಾಸೌಂಡಿನಲ್ಲಿ ಇವು ಸುತ್ತಲಿಗಿಂತ ಕಪ್ಪಾದ ಚಿಕ್ಕ ತಾಣಗಳು. ಸಿ.ಟಿ. ಸ್ಕ್ಯಾನಿನಲ್ಲಿ, ಚುಚ್ಚಿದ ಕಾಂಟ್ರಾಸ್ಟ್ ದ್ರವವು ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತನ್ನು ತುಂಬುವ ಹಂತದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸಾಮಾನ್ಯವಾಗಿ ಅವು ಚಿಕ್ಕವು, ಅಂಚು ಮಸುಕು, ಆಕಾರ ಪೂರ್ಣ ದುಂಡಲ್ಲ. ಹರಡಿದ ಅರ್ಬುದದ ಗಂಟುಗಳು ಹೆಚ್ಚಾಗಿ ದುಂಡಗಿದ್ದು ಅಂಚು ಬಿಡಿಸಿದಂತಿರುತ್ತವೆ. ಜಂತುವಿನ ಮರಿಗಳು ಯಕೃತ್ತಿನೊಳಗೆ ಸಂಚರಿಸುವುದರಿಂದ, ಕೆಲವು ತಿಂಗಳ ಬಳಿಕ ನೋಡಿದರೆ ಹಳೆಯ ಕಲೆ ಮಾಯವಾಗಿ ಬೇರೆಡೆ ಹೊಸದು ಕಾಣುವುದೂ ಉಂಟು. ಆದರೂ ಇವು ಸುಳಿವುಗಳೇ ಹೊರತು ತೀರ್ಪಲ್ಲ.

ದಕ್ಷಿಣ ಕೊರಿಯಾದ ವೈದ್ಯರು ಈ ವಿಷಯದಲ್ಲಿ ಬಹಳ ಅನುಭವ ಗಳಿಸಿದ್ದಾರೆ. ಅಲ್ಲಿ ದನದ ಹಸಿ ಯಕೃತ್ತನ್ನು ತಿನ್ನುವ ರೂಢಿಯಿಂದ ಟೊಕ್ಸೋಕಾರಾ ಎಂಬ ಜಂತುವಿನ ಮರಿಗಳು ದೇಹ ಸೇರುವುದುಂಟು. ಜಠರದ ಕ್ಯಾನ್ಸರ್ ರೋಗಿಗಳ ಯಕೃತ್ತಿನಲ್ಲೂ ಅವರು ಇಂಥ ಕಲೆಗಳನ್ನು ಕಂಡು ವರದಿಮಾಡಿದ್ದಾರೆ. ಇದನ್ನು ಕ್ಯಾನ್ಸರ್ ಹರಡಿದ ಗುರುತೆಂದು ಭಾವಿಸಿದರೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದವರಿಗೆ ಆ ಅವಕಾಶವೇ ತಪ್ಪಿಹೋದೀತು. ಇದೇ ಜಂತು ನಾಯಿ ಬೆಕ್ಕುಗಳ ಕರುಳಿನಲ್ಲಿ ಬೆಳೆಯುತ್ತದೆ. ಅವುಗಳ ಮಲ ಬೆರೆತ ಮಣ್ಣಿನಿಂದಲೂ ತೊಳೆಯದ ಸೊಪ್ಪಿನಿಂದಲೂ ಅದರ ಮೊಟ್ಟೆಗಳು ನಮ್ಮ ಬಾಯಿಗೆ ತಲುಪಬಲ್ಲವು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಯಕೃತ್ತಿನ ಸ್ಕ್ಯಾನಿಗೆ ಬರೆಯುವ ಪ್ರತಿ ಚೀಟಿಯಲ್ಲಿ ಇಯೋಸಿನೋಫಿಲ್ ಸಂಖ್ಯೆಯೂ ಇರಬೇಕು. ಚಿತ್ರವನ್ನಷ್ಟೇ ಕಾಣುವ ತಜ್ಞರಿಗೆ ರೋಗಿಯ ರಕ್ತ, ಆಹಾರ, ಸಾಕುಪ್ರಾಣಿ, ಸೇವಿಸಿದ ಔಷಧಗಳ ಸಂಗತಿ ತಿಳಿಯದಿದ್ದರೆ ಚಿತ್ರ ಅರ್ಧವೇ ಓದಿದಂತೆ. ಈ ಸಂಖ್ಯೆ ತಿಳಿಯಲು ಬೇಕಾದುದು ಸಾಧಾರಣ ರಕ್ತಪರೀಕ್ಷೆ ಮಾತ್ರ. ರೋಗಿಗಳೂ ಹಳೆಯ ವರದಿಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಬೇಕು.

ಎಚ್ಚರಿಕೆಯ ಮಾತೊಂದಿದೆ. ಕೆಲವು ಕ್ಯಾನ್ಸರುಗಳಲ್ಲಿಯೂ ಈ ಕಣಗಳು ಏರುತ್ತವೆ. ಆದುದರಿಂದ ಸಂಖ್ಯೆ ಹೆಚ್ಚಿದೆಯೆಂದು ನಿಶ್ಚಿಂತರಾಗುವುದೂ ಸಲ್ಲದು. ಸಂದೇಹ ಉಳಿದಾಗ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಲೇಬೇಕಾದೀತು. ಸ್ಟಿರಾಯ್ಡ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಸ್ಟ್ರಾಂಜಿಲಾಯ್ಡಿಸ್ ಎಂಬ ಜಂತು ಒಳಗಿದ್ದರೆ, ಅವುಗಳಿಂದ ಅದು ಮೈಯೆಲ್ಲ ಹಬ್ಬಿ ಪ್ರಾಣಕ್ಕೇ ಅಪಾಯ ತರಬಲ್ಲದು. ಕಲೆ ಕಂಡೊಡನೆ ಎದೆಗುಂದದೆ, ಕಾರಣ ತಿಳಿಯುವವರೆಗೆ ಉದಾಸೀನವನ್ನೂ ಮಾಡದೆ ನಡೆಯುವುದೇ ವಿವೇಕ.