13 ನಿಮಿಷಕ್ಕೆ ಆರೂವರೆ ವರ್ಷದ ಲಾಕ್

1/7

"ಇವನು ನಿಜವಾಗ್ಲೂ ಯಾವ ದೇಶದವನು?"

ಅಪ್ಪ ಅಮ್ಮ ಒಂದು ಕಡೆಯವರು, ಹುಟ್ಟಿ ಬೆಳೆದಿದ್ದು ಇನ್ನೊಂದು ಕಡೆ. ಅಂಥ ಯಾವ ಫುಟ್ಬಾಲರ್ ಫೋಟೋ ಹಾಕಿದ್ರೂ ಕೆಳಗೆ ಈ ಕಾಮೆಂಟ್ ಗ್ಯಾರಂಟಿ. ಗೋಲ್ ಹೊಡೆದ್ರೆ "ನಮ್ ಹುಡ್ಗ". ಪೆನಾಲ್ಟಿ ಮಿಸ್ ಮಾಡಿದ್ರೆ "ಇವನಿಗೆ ಈ ಜರ್ಸಿ ಮೇಲೆ ಪ್ರೀತಿನೇ ಇಲ್ಲ". ನಿಷ್ಠೆಯ ಪರೀಕ್ಷೆ ಬರೆಯೋದು ಯಾವಾಗ್ಲೂ ಆಟಗಾರನೇ. ಅವನನ್ನ ಕರೆದ ಫೆಡರೇಷನ್‌ಗೆ ಮಾತ್ರ ಯಾರೂ ಕೇಳಲ್ಲ: ಸರಿ, ನೀವು ಅವನಿಗೆ ನಿಷ್ಠೆಯಿಂದ ಇದ್ರಾ?

ಈ ಸಲದ ಸರಣಿ ಆ ಎರಡನೇ ಪ್ರಶ್ನೆ ಬಗ್ಗೆ. ಅದಕ್ಕೆ ಒಬ್ಬನ ಕರಿಯರ್ ತಗೊಂಡಿದೀನಿ: ಮುನೀರ್ ಎಲ್ ಹದ್ದಾದಿ. ಮೆಸ್ಸಿ, ನೇಮಾರ್ ಇದ್ದ ಬಾರ್ಸಾ ನೋಡಿದವರಿಗೆ ಹೆಸರು ಮಸುಕಾಗಿ ನೆನಪಿರಬಹುದು. ಉಳಿದವರು ಸ್ವೈಪ್ ಮಾಡಿ.

2/7

ಮುನೀರ್ ಹುಟ್ಟಿದ್ದು 1 ಸೆಪ್ಟೆಂಬರ್ 1995, ಸ್ಪೇನ್‌ನ ಮ್ಯಾಡ್ರಿಡ್ ಪ್ರಾಂತ್ಯದಲ್ಲಿ. ಅಪ್ಪ ಮೊರಾಕೋದಿಂದ ಬಂದವರು. ಅಮ್ಮನ ಊರು ಮೆಲಿಲ್ಲಾ. ಮ್ಯಾಪ್ ತೆಗೆದು ನೋಡಿ: ಆಫ್ರಿಕಾದ ತೀರದಲ್ಲಿದೆ, ಸುತ್ತ ಮೊರಾಕೋ, ಆದ್ರೆ ಆಡಳಿತ ಸ್ಪೇನ್‌ದು. ಅಂದ್ರೆ ಈ ಹುಡುಗನ ಮನೆಯಲ್ಲೇ ಎರಡು ದೇಶದ ಗಡಿ ಇತ್ತು. "ನೀನು ಇಲ್ಲಿಯವನಾ, ಅಲ್ಲಿಯವನಾ" ಅನ್ನೋ ಪ್ರಶ್ನೆಗೆ ಒಂದೇ ಪದದ ಉತ್ತರ ಇರೋಕೆ ಸಾಧ್ಯಾನೇ ಇರಲಿಲ್ಲ.

2011ರಲ್ಲಿ ಬಾರ್ಸಿಲೋನಾದ ಯೂತ್ ಅಕಾಡೆಮಿ ಸೇರಿದ. 2013–14ರಲ್ಲಿ ಯುಇಎಫ್ಎ ಯೂತ್ ಲೀಗ್ ಮೊದಲ ಸಲ ನಡೆದಾಗ ಬಾರ್ಸಾ ಚಾಂಪಿಯನ್, ಮುನೀರ್ ಟಾಪ್ ಸ್ಕೋರರ್. ಫೈನಲ್‌ನಲ್ಲಿ ಬೆನ್ಫಿಕಾ ವಿರುದ್ಧ ಎರಡು ಗೋಲು. ಅದರಲ್ಲಿ ಒಂದು ಹೆಚ್ಚುಕಮ್ಮಿ ಮೈದಾನದ ಮಧ್ಯದಿಂದ ಹೊಡೆದಿದ್ದು. ಯೂಟ್ಯೂಬ್‌ನಲ್ಲಿ ಹುಡುಕಿ, ದುಡ್ಡು ವಸೂಲ್ ಗೋಲ್ ಅದು.

24 ಆಗಸ್ಟ್ 2014: ಲಾ ಲಿಗಾದಲ್ಲಿ ಮೊದಲ ಪಂದ್ಯ, ಎಲ್ಚೆ ವಿರುದ್ಧ, ಅದರಲ್ಲೂ ಒಂದು ಗೋಲು. ಆಗಿನ್ನೂ 19 ತುಂಬಿರಲಿಲ್ಲ.

ಸರಿಯಾಗಿ ಹದಿನೈದು ದಿನ ಬಿಟ್ಟು ಅವನ ಹಣೆಬರಹಕ್ಕೆ ಬೀಗ ಬಿತ್ತು.

3/7

8 ಸೆಪ್ಟೆಂಬರ್ 2014. ಯೂರೋ 2016ರ ಅರ್ಹತಾ ಪಂದ್ಯ, ವೇಲೆನ್ಸಿಯಾ ನಗರದಲ್ಲಿ ಸ್ಪೇನ್ ವಿರುದ್ಧ ಮ್ಯಾಸಿಡೋನಿಯಾ. ಡಿಯಾಗೋ ಕೋಸ್ಟಾಗೆ ಗಾಯ ಆಗಿತ್ತು, ಅವನ ಜಾಗಕ್ಕೆ ಕೋಚ್ ಡೆಲ್ ಬಾಸ್ಕೆ ಮುನೀರ್‌ನ ಕರೆಸಿದ್ರು. 77ನೇ ನಿಮಿಷದಲ್ಲಿ ಕೋಕೆ ಹೊರಗೆ, ಮುನೀರ್ ಒಳಗೆ. ಪಂದ್ಯ ಆಗ್ಲೇ ಸ್ಪೇನ್ ಕೈಯಲ್ಲಿತ್ತು, ಮುಗಿದಾಗ 5–1. ಅವನು ಆಡಿದ್ದು ಸುಮಾರು 13 ನಿಮಿಷ.

ಮ್ಯಾಗಿ ಮಾಡಿ ತಿಂದು ಪಾತ್ರೆ ತೊಳೆಯೋಕೂ ಸಾಲದ ಟೈಮ್ ಅದು.

ಆಗಿನ ಫಿಫಾ ನಿಯಮ ಸಿಂಪಲ್: ಸೀನಿಯರ್ ತಂಡಕ್ಕೆ ಒಂದು ಅಧಿಕೃತ ಸ್ಪರ್ಧೆಯ ಪಂದ್ಯದಲ್ಲಿ ಕಾಲಿಟ್ರೆ ನೀವು ಜೀವನಪರ್ಯಂತ ಆ ದೇಶಕ್ಕೆ ಲಾಕ್. ಸೌಹಾರ್ದ ಪಂದ್ಯ ಆದ್ರೆ ಲೆಕ್ಕಕ್ಕಿಲ್ಲ. ಅರ್ಹತಾ ಪಂದ್ಯ ಆದ್ರೆ ಒಂದು ನಿಮಿಷ ಆದ್ರೂ ಸಾಕು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಗಾಯ ಆಗಿದ್ದ ಡಿಯಾಗೋ ಕೋಸ್ಟಾ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. 2013ರಲ್ಲಿ ಬ್ರೆಜಿಲ್ ಪರ ಎರಡು ಪಂದ್ಯ ಆಡಿದ್ದ. ಅವು ಸೌಹಾರ್ದ ಪಂದ್ಯಗಳು, ಹಾಗಾಗಿ ಆರಾಮಾಗಿ ಸ್ಪೇನ್‌ಗೆ ಬಂದ. ಎರಡು ಪಂದ್ಯ ಆಡಿದವನು ಫ್ರೀ, 13 ನಿಮಿಷ ಆಡಿದವನು ಬಂಧಿ. ಇದು ನಿಷ್ಠೆಯ ಅಳತೆ ಅಲ್ಲ ಗುರು, ಬರೀ ಪಂದ್ಯದ ಲೇಬಲ್ ಅಷ್ಟೇ.

4/7

ಆಮೇಲೆ ಸ್ಪೇನ್ ಏನು ಮಾಡ್ತು? 21 ವರ್ಷದೊಳಗಿನವರ ತಂಡಕ್ಕೆ ವಾಪಸ್ ಕಳಿಸ್ತು. ಸೀನಿಯರ್ ತಂಡದಲ್ಲಿ ಇನ್ನೊಂದು ನಿಮಿಷ ಕೊಡಲಿಲ್ಲ. ಒಂದೇ ಒಂದು ನಿಮಿಷ ಕೂಡ ಇಲ್ಲ.

ಸ್ಪೇನ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಮುನೀರ್ ಆಟಾನೂ ಅಂದುಕೊಂಡಷ್ಟು ಬೆಳೀಲಿಲ್ಲ, ಅದೂ ನಿಜ. ವೇಲೆನ್ಸಿಯಾಗೆ ಲೋನ್, ಅಲಾವೆಸ್‌ಗೆ ಲೋನ್, 2019ರಲ್ಲಿ ಸೆವಿಯಾಗೆ ಟ್ರಾನ್ಸ್‌ಫರ್. ಒಳ್ಳೆ ಲಾ ಲಿಗಾ ಆಟಗಾರ, ಆದ್ರೆ ಮೆಸ್ಸಿ ವಾರಸುದಾರ ಅಲ್ಲ. ಸ್ಪೇನ್‌ಗೆ ಅವನಿಗಿಂತ ಚೆನ್ನಾಗಿ ಆಡೋರು ಇದ್ರು, ಕರೀಲಿಲ್ಲ. ಆಯ್ಕೆ ಅಂದ್ರೆ ಅದೇ ತಾನೆ.

ನನ್ನ ತಕರಾರು ಬೇರೆ. ಬೇಡ ಅಂದ್ಮೇಲೆ ಬಿಟ್ಟುಕೊಡಬೇಕಲ್ವಾ? ಮನೆ ಬಾಡಿಗೆಗೆ ತಗೊಂಡು, ಒಂದು ದಿನ ಇದ್ದು, ಬೀಗ ಹಾಕ್ಕೊಂಡು ಹೋಗಿ, "ನಾನೂ ಇರಲ್ಲ, ಬೇರೆಯವರಿಗೂ ಕೊಡಬೇಡಿ" ಅಂದ ಹಾಗಾಯ್ತು.

ಅತ್ತ ಮೊರಾಕೋ 2018ರ ವಿಶ್ವಕಪ್‌ಗೆ ಅರ್ಹತೆ ಪಡೀತು. 20 ವರ್ಷದಲ್ಲಿ ಮೊದಲ ಸಲ. ಅವರಿಗೆ ಮುನೀರ್ ಬೇಕಿತ್ತು, ಮುನೀರ್‌ಗೂ ಹೋಗೋ ಮನಸ್ಸಿತ್ತು. ಫಿಫಾ ಆಗಲ್ಲ ಅಂತು. ಮೊರಾಕೋ ಫೆಡರೇಷನ್ ಮತ್ತು ಮುನೀರ್ ಸೇರಿ ಕ್ರೀಡಾ ನ್ಯಾಯಮಂಡಳಿಗೆ ಹೋದ್ರು. ಟೂರ್ನಿಗೆ ಕೆಲವೇ ವಾರ ಇರುವಾಗ, ಮೇ 2018ರಲ್ಲಿ, ಅಲ್ಲೂ ಸೋಲು.

ಆ ವಿಶ್ವಕಪ್‌ನಲ್ಲಿ ಮೊರಾಕೋ ಇದ್ದ ಗುಂಪಿನಲ್ಲಿ ಇನ್ನ್ಯಾರಿದ್ರು ಗೊತ್ತಾ? ಸ್ಪೇನ್. ಕಲಿನಿನ್‌ಗ್ರಾದ್‌ನಲ್ಲಿ 25 ಜೂನ್ 2018ರಂದು ಇಬ್ಬರೂ ಆಡಿದ್ರು, 2–2 ಡ್ರಾ. ಮುನೀರ್ ಎರಡೂ ತಂಡದಲ್ಲಿ ಇರಲಿಲ್ಲ. ಎರಡು ದೇಶ ಇದ್ದವನಿಗೆ ಆವತ್ತು ಒಂದೂ ಇರಲಿಲ್ಲ.

5/7

ಈಗ ಬಿಕಾಂ ಕ್ಲಾಸಿಗೆ ಬರೋಣ, ಬಿಸಿನೆಸ್ ಲಾ ಓದಿದವರು ಕೈ ಎತ್ತಿ. 1872ರ ಭಾರತೀಯ ಒಪ್ಪಂದ ಕಾಯ್ದೆ, ಸೆಕ್ಷನ್ 25: ಕೆಲವು ವಿನಾಯಿತಿ ಬಿಟ್ರೆ, ಪ್ರತಿಫಲ ಇಲ್ಲದ ಒಪ್ಪಂದ ಅನೂರ್ಜಿತ. ಒಬ್ಬ ಏನೋ ಕೊಟ್ರೆ ಇನ್ನೊಬ್ಬನೂ ಏನಾದ್ರೂ ಕೊಡಬೇಕು. ಫಿಫಾಗೆ ನಮ್ಮ ಕಾಯ್ದೆ ಅನ್ವಯಿಸಲ್ಲ, ಗೊತ್ತು. ಆದ್ರೆ ಅದರ ಹಿಂದಿರೋ ನ್ಯಾಯ ನೋಡಿ. ಮುನೀರ್ ಕೊಟ್ಟಿದ್ದು ಇಡೀ ಅಂತಾರಾಷ್ಟ್ರೀಯ ಕರಿಯರ್. ಸ್ಪೇನ್ ಕೊಟ್ಟಿದ್ದು 13 ನಿಮಿಷ. ಇನ್ನೊಂದು ಸಲ ಕರೀತೀವಿ ಅನ್ನೋ ಜವಾಬ್ದಾರಿ ಇಲ್ಲ, ಬಿಟ್ಟುಕೊಡ್ತೀವಿ ಅನ್ನೋ ಷರತ್ತೂ ಇಲ್ಲ.

"ಅವನೇ ಒಪ್ಪಿಕೊಂಡು ಹೋಗಿದ್ದಲ್ವಾ?" ಹೌದು, ಹೋಗಿದ್ದ. 19ನೇ ಹುಟ್ಟುಹಬ್ಬ ಆಗಿ ಒಂದು ವಾರ. 2008, 2012ರ ಯೂರೋ ಮತ್ತು 2010ರ ವಿಶ್ವಕಪ್ ಗೆದ್ದ ದೇಶ ಫೋನ್ ಮಾಡಿ ಬಾ ಅಂದ್ರೆ, ನಮ್ಮ ವಯಸ್ಸಲ್ಲಿ ಯಾರು "ಒಂದ್ನಿಮಿಷ, ನಿಯಮಾವಳಿ ಓದಿ ಹೇಳ್ತೀನಿ" ಅಂತಾರೆ? ನಾವು ಆ್ಯಪ್ ಇನ್‌ಸ್ಟಾಲ್ ಮಾಡುವಾಗ ಷರತ್ತುಗಳನ್ನ ಓದ್ತೀವಾ?

ಇನ್ನೊಂದು ವಾದಕ್ಕೆ ನಿಜವಾಗ್ಲೂ ತೂಕ ಇದೆ. ಲಾಕ್ ಇಲ್ಲದಿದ್ರೆ ಶ್ರೀಮಂತ ದೇಶಗಳು ಆಟಗಾರರನ್ನ ಕೊಂಡ್ಕೊಳ್ಳಲ್ವಾ? ಕೊಂಡ್ಕೊಳ್ತಾವೆ. ಹಳೇ ಕಾಲದಲ್ಲಿ ಡಿ ಸ್ಟೆಫಾನೋ ಅರ್ಜೆಂಟೀನಾಗೂ ಆಡಿದ್ರು, ಸ್ಪೇನ್‌ಗೂ ಆಡಿದ್ರು. ಹಂಗೇರಿಯ ಪುಷ್ಕಾಷ್ 1962ರ ವಿಶ್ವಕಪ್ ಆಡಿದ್ದು ಸ್ಪೇನ್ ಪರ. 2004ರಲ್ಲಿ ಯಾವ ನಂಟೂ ಇಲ್ಲದ ಬ್ರೆಜಿಲ್ ಆಟಗಾರರನ್ನ ಕತಾರ್ ಕರೆಸೋಕೆ ಹೊರಟಾಗ ಫಿಫಾ ಅಡ್ಡ ಬಂತು. ಬಂದಿದ್ದು ಸರಿ. ಲೀಗ್ ಬೇರೆ, ದೇಶ ಬೇರೆ. ರಾಷ್ಟ್ರೀಯ ತಂಡಕ್ಕೆ ಟ್ರಾನ್ಸ್‌ಫರ್ ವಿಂಡೋ ಇರಬಾರದು.

ಆದ್ರೆ ಮುನೀರ್‌ಗೆ ಮೊರಾಕೋ ಜೊತೆ ನಂಟು ಹುಟ್ಟಿದಾಗಿಂದ ಇತ್ತು. ಖರೀದಿ ತಡೆಯೋಕೆ ಮಾಡಿದ ಬೇಲಿ, ಮನೆ ಮಗನನ್ನೇ ಹೊರಗೆ ನಿಲ್ಲಿಸ್ತು.

6/7

ಸೆಪ್ಟೆಂಬರ್ 2020ರಲ್ಲಿ ಫಿಫಾ ಕಾಂಗ್ರೆಸ್ ನಿಯಮ ಬದಲಾಯಿಸ್ತು. 21 ತುಂಬೋ ಮೊದಲು, ಮೂರಕ್ಕಿಂತ ಹೆಚ್ಚು ಸೀನಿಯರ್ ಪಂದ್ಯ ಆಡಿಲ್ಲ, ಕೊನೇ ಪಂದ್ಯ ಆಗಿ ಮೂರು ವರ್ಷ ಆಗಿದೆ, ವಿಶ್ವಕಪ್ ಅಥವಾ ಖಂಡದ ಮುಖ್ಯ ಟೂರ್ನಿಯಲ್ಲಿ ಆಡಿಲ್ಲ, ಎರಡನೇ ದೇಶದ ಪೌರತ್ವ ಮೊದಲಿಂದಲೇ ಇತ್ತು: ಹೀಗಿದ್ರೆ ಒಂದು ಸಲ ಬದಲಾಯಿಸಬಹುದು. ಮೂರು ವರ್ಷ ಅಂದ ತಕ್ಷಣ ನನಗೆ ನೆನಪಾಗಿದ್ದು ಟ್ಯಾಕ್ಸ್ ಉಳಿಸೋ ಇಎಲ್ಎಸ್ಎಸ್ ಫಂಡ್. ಅದಕ್ಕೂ ಲಾಕ್-ಇನ್ ಮೂರೇ ವರ್ಷ. ಹಣಕ್ಕೆ ಇರೋ ನ್ಯಾಯ ಮನುಷ್ಯನಿಗೆ ಬರೋಕೆ ಇಷ್ಟು ಲೇಟ್ ಆಯ್ತು.

ಮುನೀರ್ ಮೊರಾಕೋ ಜರ್ಸಿ ಹಾಕಿ ಮೊದಲ ಪಂದ್ಯ ಆಡಿದ್ದು ಮಾರ್ಚ್ 2021ರಲ್ಲಿ, ಮಾರಿಟೇನಿಯಾ ವಿರುದ್ಧ. ವೇಲೆನ್ಸಿಯಾದ ಆ 13 ನಿಮಿಷ ಕಳೆದು ಆರೂವರೆ ವರ್ಷ. 19ರ ಹುಡುಗ 25 ಆಗಿದ್ದ. ಕತಾರ್ ವಿಶ್ವಕಪ್ ಬರೋ ಹೊತ್ತಿಗೆ ತಂಡದಲ್ಲಿ ಅವನಿಗೆ ಜಾಗ ಇರಲಿಲ್ಲ.

ಆ ವಿಶ್ವಕಪ್ ನಿಮಗೆ ನೆನಪಿದೆ. 6 ಡಿಸೆಂಬರ್ 2022, ಮೊರಾಕೋ ವಿರುದ್ಧ ಸ್ಪೇನ್, ಪೆನಾಲ್ಟಿ ಶೂಟೌಟ್. ಕೊನೇ ಕಿಕ್ ಹೊಡೆದಿದ್ದು ಅಶ್ರಫ್ ಹಕೀಮಿ. ಮ್ಯಾಡ್ರಿಡ್‌ನಲ್ಲೇ ಹುಟ್ಟಿದವನು, ರಿಯಲ್ ಮ್ಯಾಡ್ರಿಡ್ ಅಕಾಡೆಮಿಯ ಹುಡುಗ, ಅಪ್ಪ ಅಮ್ಮ ಮೊರಾಕೋದವರು. ಮೆಲ್ಲಗೆ ಮಧ್ಯಕ್ಕೆ ಚಿಪ್ ಮಾಡಿ, ಪೆಂಗ್ವಿನ್ ಥರ ಕುಣಿದ. ಆ ಮೊರಾಕೋ ತಂಡದ 26 ಜನರಲ್ಲಿ 14 ಮಂದಿ ಹುಟ್ಟಿದ್ದು ಮೊರಾಕೋದ ಹೊರಗೆ. ಸೆಮಿಫೈನಲ್ ತನಕ ಹೋದ ಮೊದಲ ಆಫ್ರಿಕನ್ ತಂಡ ಅದು. ಇನ್ನೊಂದು ಕಡೆ ಲಮೀನ್ ಯಮಾಲ್: ಅಪ್ಪ ಮೊರಾಕೋ, ಅಮ್ಮ ಈಕ್ವಟೋರಿಯಲ್ ಗಿನಿ, ಆಯ್ಕೆ ಸ್ಪೇನ್, 2024ರ ಯೂರೋ ಚಾಂಪಿಯನ್.

ಹಕೀಮಿ ಒಂದು ಕಡೆ ಹೋದ, ಯಮಾಲ್ ಇನ್ನೊಂದು ಕಡೆ. ಇಬ್ಬರನ್ನೂ ಅವರವರ ದೇಶ ಮತ್ತೆ ಮತ್ತೆ ಕರೀತು, ಆಡಿಸ್ತು. ಅದಕ್ಕೇ ಅವರ ನಿಷ್ಠೆ ನಮಗೆ ಅಷ್ಟು ಚೆನ್ನಾಗಿ ಕಾಣತ್ತೆ.

7/7

"ಇದೆಲ್ಲ ಯೂರೋಪ್ ಕಥೆ, ನಮಗೇನು?" ಅನ್ನೋರಿಗೆ: ಕಂಠೀರವಕ್ಕೆ ಬನ್ನಿ.

ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಮ್ಮ ಮುಂಬೈಯ ಆಂಗ್ಲೋ ಇಂಡಿಯನ್ ಕುಟುಂಬದವರು, ತಾತ ಬಾಂಬೆ ತಂಡಕ್ಕೆ ಫುಟ್ಬಾಲ್ ಆಡಿದವರು. ರಯಾನ್ 2019ರಲ್ಲಿ ಆಸ್ಟ್ರೇಲಿಯಾ ಪರ ಒಂದೇ ಒಂದು ಪಂದ್ಯ ಆಡಿದ್ದ, ದಕ್ಷಿಣ ಕೊರಿಯಾ ವಿರುದ್ಧ. 2023ರಲ್ಲಿ ಬೆಂಗಳೂರಿಗೆ ಬಂದ. ನವೆಂಬರ್ 2025ರಲ್ಲಿ ಭಾರತದ ಪೌರತ್ವ ಪಡೆದ, ರಾಷ್ಟ್ರೀಯ ತಂಡದ ಕ್ಯಾಂಪ್‌ಗೂ ಕರೆ ಬಂತು.

ಆ ಕೊರಿಯಾ ಪಂದ್ಯ ಸೌಹಾರ್ದ ಪಂದ್ಯ ಆಗಿದ್ದಕ್ಕೆ ದಾರಿ ತೆರೆದಿತ್ತು. ಅದೇ ದಿನ ಅದೇ ಆಟ ಅರ್ಹತಾ ಪಂದ್ಯದಲ್ಲಿ ಆಡಿದ್ರೆ? ಆಗ ಅವನಿಗೆ 25. ಫಿಫಾದ ಹೊಸ ನಿಯಮ ಕೂಡ ಬಿಡಿಸ್ತಿರಲಿಲ್ಲ. ಮತ್ತೆ ಅದೇ ಲೇಬಲ್.

ನಮ್ಮ ಕಡೆ ಇನ್ನೊಂದು ಬಾಗಿಲೂ ಇದೆ. ಭಾರತದಲ್ಲಿ ದ್ವಿಪೌರತ್ವ ಇಲ್ಲ. ಒಸಿಐ ಕಾರ್ಡ್ ಇದ್ರೆ ಇಲ್ಲಿ ಇರಬಹುದು, ಕೆಲಸ ಮಾಡಬಹುದು, ಭಾರತದ ಜರ್ಸಿ ಹಾಕೋ ಹಾಗಿಲ್ಲ. ಆಡಬೇಕಂದ್ರೆ ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಟ್ಟು ಬರಬೇಕು. ರಯಾನ್ ಬಿಟ್ಟೇ ಬಂದ. ಇಷ್ಟಾದ್ರೂ "ಅಲ್ಲಿ ಚಾನ್ಸ್ ಸಿಗ್ಲಿಲ್ಲ, ಅದಕ್ಕೆ ಇಲ್ಲಿಗೆ ಬಂದ" ಅಂತ ಬರೆಯೋರಿದಾರೆ. ಕೊಡೋದು ಇನ್ನೇನು ಉಳಿದಿದೆ ಅವನ ಹತ್ರ?

ನನ್ನ ಪ್ರಕಾರ ನಿಯಮ ಹೀಗಿರಬೇಕು: ಆಟಗಾರನನ್ನ ಆಡಿಸಿದ ಮೇಲೆ ಮೂರು ವರ್ಷ ಮತ್ತೆ ಆಡಿಸದಿದ್ರೆ ಲಾಕ್ ತಾನಾಗೇ ಬಿಚ್ಚಿಕೊಳ್ಳಬೇಕು. ವಯಸ್ಸು 20 ಇರಲಿ, 25 ಇರಲಿ, ಪಂದ್ಯ ಸೌಹಾರ್ದದ್ದಿರಲಿ, ಅರ್ಹತೆಯದ್ದಿರಲಿ. ಎರಡನೇ ದೇಶದ ಜೊತೆ ಅಪ್ಪ ಅಮ್ಮ ಅಜ್ಜ ಅಜ್ಜಿಯ ನಿಜವಾದ ನಂಟಿರಬೇಕು, ಬದಲಾವಣೆ ಒಂದೇ ಸಲ. ಖರೀದಿಗೆ ಅವಕಾಶ ಇಲ್ಲ, ಸುಮ್ನೆ ಹಿಡಿದಿಟ್ಟುಕೊಳ್ಳೋಕೂ ಅವಕಾಶ ಇಲ್ಲ. ಲಾಕ್ ಬೇಕು ಅನ್ನೋ ಫೆಡರೇಷನ್ ಆಟಗಾರನನ್ನ ಆಡಿಸಲಿ.

ನಿಮಗೆ ಇದು ತಪ್ಪು ಅನ್ಸಿದ್ರೆ ಯಾಕೆ ಅಂತ ಕಾಮೆಂಟ್‌ನಲ್ಲಿ ಬರೀರಿ, ಜಗಳಕ್ಕೆ ರೆಡಿ. ಒಂದೇ ರಿಕ್ವೆಸ್ಟ್: "ಅವನು ಯಾವ ದೇಶದವನು" ಅಂತ ಟೈಪ್ ಮಾಡೋ ಮೊದಲು "ಆ ದೇಶ ಅವನಿಗೆ ಎಷ್ಟು ನಿಮಿಷ ಕೊಟ್ಟಿದೆ" ಅಂತ ಒಂದ್ಸಲ ನೋಡಿ.

#ಕನ್ನಡದಲ್ಲಿಫುಟ್ಬಾಲ್ #ಮುನೀರ್ #ಮೊರಾಕೋ #ಬೆಂಗಳೂರುಎಫ್‌ಸಿ