ನಿಂತಂತೆ ಕಾಣುವ ಬೆಟ್ಟ

ಸ್ವಿಟ್ಜರ್ಲೆಂಡ್ ಟೂರ್ ಮುಗಿಸಿ ಬಂದವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತೆ. ಹಿಂದೆ ಕಣ್ಣು ಕುಕ್ಕುವ ಹಿಮ, ಮುಂದೆ ದಪ್ಪ ಜಾಕೆಟ್ ತೊಟ್ಟ ಸಂಸಾರ. ಬಹುಮಟ್ಟಿಗೆ ಅದು ಯುಂಗ್‌ಫ್ರೌಯೋಕ್. ಬರ್ನೀಸ್ ಆಲ್ಪ್ಸ್ ಶ್ರೇಣಿಯಲ್ಲಿ 3,454 ಮೀಟರ್ ಎತ್ತರದಲ್ಲಿರುವ ಜಾಗ. ಐಗರ್ ಬೆಟ್ಟದ ಹೊಟ್ಟೆ ಕೊರೆದು ಮಾಡಿದ ಸುರಂಗದಲ್ಲಿ 1912ರಿಂದ ಅಲ್ಲಿಗೆ ರೈಲು ಹತ್ತುತ್ತಿದೆ!

ಆ ಫೋಟೋಗಳನ್ನು ನೋಡಿದಾಗೆಲ್ಲ ನನಗೆ ಅನ್ನಿಸೋದು, ಎಲ್ಲವೂ ಎಷ್ಟು ಗಟ್ಟಿಯಾಗಿ ನಿಂತಂತಿದೆ ಅಂತ. ಆದರೆ ಅಲ್ಲಿ ಯಾವುದೂ ನಿಂತಿಲ್ಲ. ಕೆಳಗೆ ಕಾಣುವುದು ಅಲೆಚ್ ಹಿಮನದಿ. ಸುಮಾರು 20 ಕಿ.ಮೀ. ಉದ್ದ, ಇಡೀ ಆಲ್ಪ್ಸ್‌ನಲ್ಲೇ ದೊಡ್ಡದು. ಹಿಮನದಿ ಅನ್ನೋ ನಮ್ಮ ಮಾತು ಎಷ್ಟು ಸರಿಯಾಗಿದೆ ನೋಡಿ, ಅದು ನಿಜಕ್ಕೂ ನದಿಯೇ. ಕೆಲವು ಕಡೆ ವರ್ಷಕ್ಕೆ ನೂರು ಮೀಟರಿಗೂ ಹೆಚ್ಚು ಜರುಗುತ್ತೆ. ಕರಗಿದ ನೀರು ರೋನ್ ನದಿ ಸೇರಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗುತ್ತೆ. ಅದೇ ಶ್ರೇಣಿಯ ಉತ್ತರದ ಮಗ್ಗುಲಿನ ನೀರು ಆರೆ, ರೈನ್ ನದಿಗಳ ಮೂಲಕ ಉತ್ತರ ಸಮುದ್ರಕ್ಕೆ.

ಈ ಹಿಮ ಇಳಿಯುತ್ತಲೂ ಇದೆ. 1877ರಲ್ಲಿ ಅಲೆಚ್ ಪಕ್ಕದ ಬಂಡೆ ಮೇಲೆ ಕಾಂಕಾರ್ಡಿಯಾ ಎಂಬ ತಂಗುಮನೆ ಕಟ್ಟಿದಾಗ ಹಿಮ ಸ್ವಲ್ಪವೇ ಕೆಳಗಿತ್ತು. ಈಗ ಹಿಮದಿಂದ ಆ ಮನೆ ಸೇರಲು 400ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು.

ಇದೇ ಶ್ರೇಣಿಯ ದಕ್ಷಿಣಕ್ಕೆ ಲೋಚೆನ್‌ಟಾಲ್ ಕಣಿವೆ. ಅಲ್ಲಿ ಬ್ಲಾಟನ್ ಎಂಬ ಪುಟ್ಟ ಊರು. 2025ರ ಮೇ ತಿಂಗಳಲ್ಲಿ ಮೇಲಿನ ಬೆಟ್ಟದ ಬಂಡೆಗಳು ಕಳಚಿ ಬಿರ್ಚ್ ಹಿಮನದಿ ಮೇಲೆ ಬೀಳತೊಡಗಿದವು. ಬೆಟ್ಟದ ಮೇಲೆ ಕಣ್ಣಿಟ್ಟಿದ್ದವರು ಎಚ್ಚರಿಸಿದರು. ಮೇ 19ಕ್ಕೆ ಸುಮಾರು 300 ಜನ ದನಕರುಗಳ ಸಮೇತ ಊರು ಬಿಟ್ಟರು. ಮೇ 28ಕ್ಕೆ ಆ ಭಾರ ತಾಳದೆ ಹಿಮನದಿಯೇ ಕುಸಿದು, ಊರಿನ ಬಹುಪಾಲು ಮಣ್ಣು, ಕಲ್ಲು, ಮಂಜುಗಡ್ಡೆಯಡಿ ಹೂತುಹೋಯಿತು. ಕಣಿವೆಯಲ್ಲಿದ್ದ ಒಬ್ಬರು ಜೀವ ಕಳೆದುಕೊಂಡರು. ಊರು ಬಿಟ್ಟಿದ್ದವರೆಲ್ಲ ಉಳಿದರು.

ನನ್ನನ್ನು ಕಾಡುವುದು ನಡುವಿನ ಆ ಒಂಬತ್ತು ದಿನಗಳು. ಹೊರಡುವಾಗ ಮನೆ ಗಟ್ಟಿಯಾಗೇ ಇತ್ತು, ಅಡುಗೆಮನೆ ಹೇಗಿತ್ತೋ ಹಾಗೇ ಇತ್ತು. ತಲೆಮಾರುಗಳಿಂದ ನೋಡಿದ ಬೆಟ್ಟ ಬೀಳುತ್ತೆ ಅಂದರೆ ನಂಬೋದು ಸುಲಭವೇ? ಆದರೂ ಹೇಳಿದ ಮಾತು ಕೇಳಿ, ಬಾಗಿಲು ಹಾಕಿ ಹೊರಟರು.

ನೀವು ಯಾವತ್ತಾದರೂ ಆ ಕಡೆ ಹೋದರೆ ಫೋಟೋ ಖಂಡಿತ ತೆಗೆಸಿಕೊಳ್ಳಿ. ಆಮೇಲೆ ಒಂದೈದು ನಿಮಿಷ ಬೆನ್ನು ತಿರುಗಿಸಿ, ಆ ಬೆಟ್ಟವನ್ನೂ ಸರಿಯಾಗಿ ನೋಡಿ.